ಇರಿಡಿಯಂ ಕಂಡ ಕಾಲೇಜು

ಓಕಳಿಪುರದಲ್ಲಿ ನಿಂತರೆ ಹಳೆಯ ಬೆಂಗಳೂರಿನ ಎರಡು ವಿದ್ಯಾಕೇಂದ್ರಗಳು ಎರಡು ದಿಕ್ಕಿಗೆ ಬೀಳುತ್ತವೆ. ರೈಲು ನಿಲ್ದಾಣವನ್ನು ಬಳಸಿಕೊಂಡು ಮೆಜೆಸ್ಟಿಕ್ ದಾಟಿದರೆ ಸೆಂಟ್ರಲ್ ಕಾಲೇಜು. ರಾಜಾ ಮಿಲ್ಲಿದ್ದ ಜಾಗವನ್ನು ಹಿಂದೆ ಹಾಕಿ, ಮಲ್ಲೇಶ್ವರವನ್ನು ಉದ್ದಕ್ಕೂ ನಡೆದು ಆಚೆ ಹೊರಬಿದ್ದರೆ ಟಾಟಾ ಇನ್‌ಸ್ಟಿಟ್ಯೂಟ್. ಈ ಭಾಗದ ಹಿರಿಯರ ಬಾಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಇಂದಿಗೂ ಅದೇ ಹೆಸರು. ನಗರದ ಭೌತವಿಜ್ಞಾನದ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಉತ್ತರದ ತುದಿಯಿಂದ, 1933ರಲ್ಲಿ ಸಿ.ವಿ. ರಾಮನ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿ ಬಂದಲ್ಲಿಂದ ಶುರು ಮಾಡುತ್ತಾರೆ. ಆದರೆ ಇಲ್ಲಿನ ಭೌತವಿಜ್ಞಾನಿಗಳು, ಲೋಹ ಮತ್ತು ಘನವಸ್ತುಗಳನ್ನು ಅಭ್ಯಾಸ ಮಾಡಿದವರು ಎಲ್ಲಿ ಓದಿದರು, ಯಾರ ಕೈಕೆಳಗೆ ಪಳಗಿದರು, ಯಾವ ಪದವಿ ಹಿಡಿದು ಯಾವ ಕೆಲಸಕ್ಕೆ ಹೋದರು ಎಂದು ಒಬ್ಬೊಬ್ಬರ ಬದುಕನ್ನೂ ಹಿಂದಕ್ಕೆ ನೋಡುತ್ತ ಹೋದರೆ, ದಾರಿ ಮತ್ತೆ ಮತ್ತೆ ದಕ್ಷಿಣದ ತುದಿಗೇ ಬಂದು ಮುಟ್ಟುತ್ತದೆ. ಬಿ.ಎಸ್‌ಸಿ. ಹುಡುಗರಿಗೆ ಪಾಠ ಹೇಳುತ್ತಿದ್ದ ಒಂದು ಸರ್ಕಾರಿ ಕಾಲೇಜಿನ ಭೌತಶಾಸ್ತ್ರ ವಿಭಾಗಕ್ಕೆ.

ಆ ಕಾಲೇಜು 1858ರಲ್ಲಿ ಬೆಂಗಳೂರು ಹೈಸ್ಕೂಲ್ ಆಗಿ ಹುಟ್ಟಿತು. 1875ರಲ್ಲಿ ಸೆಂಟ್ರಲ್ ಕಾಲೇಜ್ ಎಂಬ ಹೆಸರು ಬಂತು. ಆಗ ಪರೀಕ್ಷೆಗಳೆಲ್ಲ ಮದ್ರಾಸ್ ವಿಶ್ವವಿದ್ಯಾನಿಲಯದ್ದು. ವಿಶ್ವೇಶ್ವರಯ್ಯನವರು 1881ರಲ್ಲಿ ಬಿ.ಎ. ಮಾಡಿದ್ದು ಇಲ್ಲಿಯೇ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ಕಲಾ ವಿಷಯಗಳು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ, ವಿಜ್ಞಾನ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ನೆಲೆಗೊಂಡಿತು. ತುಮಕೂರು, ಕೋಲಾರದ ಹಳ್ಳಿಗಳಿಂದ ಬಂದ ಹುಡುಗನಿಗೆ ಭೌತಶಾಸ್ತ್ರ ಓದುವ ಮನಸ್ಸಾದರೆ ಇಲ್ಲಿಗೆ ಬರಬೇಕಿತ್ತು.

ಅಲ್ಲಿ ಪಾಠ ಹೇಳುತ್ತಿದ್ದವರ ಪೈಕಿ ಬೆಳ್ಳಾವೆ ವೆಂಕಟನಾರಣಪ್ಪನವರನ್ನು ಮೊದಲು ನೆನೆಯಬೇಕು. 1872ರಲ್ಲಿ ತುಮಕೂರಿನ ಬಳಿಯ ಬೆಳ್ಳಾವೆಯಲ್ಲಿ ಹುಟ್ಟಿದ ಅವರು ಭೌತಶಾಸ್ತ್ರದ ಅಧ್ಯಾಪಕರು. ಸಾಹಿತ್ಯದವರಿಗೆ ಅವರು ಪಂಪಭಾರತದ 1931ರ ಕನ್ನಡ ಸಾಹಿತ್ಯ ಪರಿಷತ್ತಿನ ಆವೃತ್ತಿಯ ಸಂಪಾದಕರಾಗಿ ಗೊತ್ತು. ಬಸವನಗುಡಿಯ ಹಳಬರಿಗೆ ಸಹಕಾರ ಸಂಘ ಕಟ್ಟಿದವರಾಗಿ ಗೊತ್ತು. 1918ರ ಹೊತ್ತಿಗೆ ಅವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆ ಸೇರಿ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆ ಹೊರಡಿಸಿದರು. ಎರಡು ವರ್ಷ ನಡೆದು ನಿಂತುಹೋಯಿತು. ಕಾಲೇಜಿನಲ್ಲಿ ಇಂಗ್ಲಿಷಿನಲ್ಲಿ ಬೆಳಕು, ಶಾಖ, ಕಾಂತಗಳ ಪಾಠ ಹೇಳಿ, ಸಂಜೆ ಮನೆಗೆ ಬಂದು ಅದೇ ವಿಷಯಕ್ಕೆ ಕನ್ನಡದ ಮಾತು ಹುಡುಕುತ್ತ ಕೂರುವುದು ಅವರ ಪಾಲಿಗೆ ಬೇರೆ ಬೇರೆ ಕೆಲಸವಾಗಿರಲಿಲ್ಲ. ಬೆಂಗಳೂರು ಪ್ರೆಸ್ಸಿನ ಸ್ಥಾಪನೆಯಲ್ಲೂ ಅವರ ಕೈಯಿತ್ತು. ಮೈಸೂರು ರಸ್ತೆಯ ಆ ಪ್ರೆಸ್ಸನ್ನು ಗೋಡೆಯ ಕ್ಯಾಲೆಂಡರಿನಿಂದ ಗುರುತಿಸುವವರೇ ಹೆಚ್ಚು. ಈ ಕಥೆಯಲ್ಲಿ ಅದಕ್ಕೆ ಇನ್ನೂ ದೊಡ್ಡ ಪಾತ್ರವಿದೆ, ಮುಂದೆ ಹೇಳುತ್ತೇನೆ.

ಬೆಳ್ಳಾವೆಯವರು ಭೌತಶಾಸ್ತ್ರವನ್ನು ಜನರ ಬಳಿಗೆ ಒಯ್ದರು. ಅದನ್ನು ಸಂಶೋಧನೆಯ ಕಡೆಗೆ ತಿರುಗಿಸಿದವರು ಬಿ. ವೆಂಕಟೇಶಾಚಾರ್. ಅವರ ವಿಷಯ ರೋಹಿತ ವಿಜ್ಞಾನ, ಅಂದರೆ ಸ್ಪೆಕ್ಟ್ರೋಸ್ಕೋಪಿ. ಪರಮಾಣುವನ್ನು ಕೆರಳಿಸಿದಾಗ ಅದು ಹೊಮ್ಮಿಸುವ ಬೆಳಕನ್ನು ಗೆರೆಗೆರೆಯಾಗಿ ಬಿಡಿಸಿ ನೋಡುವ ವಿದ್ಯೆ. ಯುರೋಪಿನಲ್ಲಿ ಕ್ವಾಂಟಂ ಸಿದ್ಧಾಂತ ಕಣ್ಣು ಬಿಡುತ್ತಿದ್ದ ಕಾಲವದು, ಈ ಗೆರೆಗಳೇ ಅದಕ್ಕೆ ಸಾಕ್ಷಿ. ಈ ವಿದ್ಯೆಗೆ ದೊಡ್ಡ ಯಂತ್ರ ಬೇಡ, ಒಳ್ಳೆಯ ಗಾಜು, ಒಳ್ಳೆಯ ಕತ್ತಲೆ ಕೋಣೆ, ಅಪಾರ ತಾಳ್ಮೆ ಇದ್ದರೆ ಸಾಕು. ಬಡ ಪ್ರಯೋಗಾಲಯದ ಅಧ್ಯಾಪಕನೊಬ್ಬ ಕೇಂಬ್ರಿಜ್, ಮ್ಯೂನಿಕ್‌ಗಳ ಪಕ್ಕದಲ್ಲಿ ನಿಲ್ಲಬಹುದಾಗಿದ್ದ ಕೆಲವೇ ಕ್ಷೇತ್ರಗಳಲ್ಲಿ ಇದೂ ಒಂದು. ವೆಂಕಟೇಶಾಚಾರ್ ಅದನ್ನೇ ಆರಿಸಿಕೊಂಡದ್ದರಲ್ಲಿ ಅವರ ವಿವೇಕ ಕಾಣುತ್ತದೆ.

ಈ ವಿಭಾಗ ದೇಶದ ಭೌತವಿಜ್ಞಾನಿಗಳ ಕಣ್ಣಿಗೆ ಬಿದ್ದಿತ್ತೆನ್ನುವುದಕ್ಕೆ 1928ರ ಮಾರ್ಚ್ 16 ಸಾಕ್ಷಿ. ಕಲ್ಕತ್ತದಲ್ಲಿ ಫೆಬ್ರವರಿ 28ರಂದು ಹೊಸ ಚದರಿಕೆಯ ಬೆಳಕನ್ನು ಕಂಡ ರಾಮನ್, ಅದರ ಮೊದಲ ವಿಸ್ತಾರವಾದ ಉಪನ್ಯಾಸವನ್ನು ಕೊಟ್ಟದ್ದು ಬೆಂಗಳೂರಿನಲ್ಲಿ, ಸೆಂಟ್ರಲ್ ಕಾಲೇಜಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದ ಉದ್ಘಾಟನೆಯ ಸಂದರ್ಭದಲ್ಲಿ. 'ಹೊಸ ವಿಕಿರಣ' ಎಂಬ ಅರ್ಥದ ತಲೆಬರಹ ಹೊತ್ತ ಆ ಭಾಷಣವೇ ಅಚ್ಚಾಗಿ ಜಗತ್ತಿನ ಪ್ರಯೋಗಾಲಯಗಳಿಗೆ ಹೋಯಿತು. ಎರಡು ವರ್ಷಕ್ಕೆ ನೊಬೆಲ್ ಬಂತು.

ಈಗ ಇರಿಡಿಯಂ ವಿಷಯಕ್ಕೆ ಬರೋಣ. ಸೆಂಟ್ರಲ್ ಕಾಲೇಜಿನ ಕತ್ತಲೆ ಕೋಣೆಯಲ್ಲಿ ನಡೆದ ಕೆಲಸಗಳಲ್ಲಿ ನನಗೆ ಬಹಳ ದೊಡ್ಡದಾಗಿ ತೋರುವುದು ಇದು. ಇದನ್ನು ನಮ್ಮ ಶಾಲೆಯ ಪುಸ್ತಕಗಳಲ್ಲಿ ಯಾರೂ ಹೇಳುವುದಿಲ್ಲ.

1930ರ ದಶಕದ ಮೊದಲಿಗೆ ಹೆಚ್ಚುಕಡಿಮೆ ಎಲ್ಲ ಧಾತುಗಳ ಐಸೊಟೋಪುಗಳನ್ನೂ ಕೇಂಬ್ರಿಜ್‌ನ ಆಸ್ಟನ್ ತಮ್ಮ ಮಾಸ್ ಸ್ಪೆಕ್ಟ್ರೋಗ್ರಾಫಿನಿಂದ ಎಣಿಸಿ ಮುಗಿಸಿದ್ದರು. ಒಂದೇ ಧಾತುವಿನ ಪರಮಾಣುಗಳಲ್ಲಿ ನ್ಯೂಕ್ಲಿಯಸ್ಸಿನ ತೂಕ ಬೇರೆಯಾಗಿದ್ದರೆ ಅವು ಐಸೊಟೋಪುಗಳು. ಅವನ್ನು ತೂಗಬೇಕಾದರೆ ಮೊದಲು ಧಾತುವನ್ನು ಆವಿಯಾಗಿಸಿ, ಅಯಾನುಗಳ ಹೊನಲಾಗಿ ಹರಿಸಬೇಕು. ಪ್ಲಾಟಿನಂ, ಇರಿಡಿಯಂ, ಪಲ್ಲಾಡಿಯಂ, ಚಿನ್ನ ಈ ನಾಲ್ಕು ಮಾತ್ರ ಆಸ್ಟನ್ನರ ಯಂತ್ರಕ್ಕೆ ಬಗ್ಗಲಿಲ್ಲ. ಸುಲಭವಾಗಿ ಆವಿಯಾಗುವ ಸಂಯುಕ್ತಗಳು ಅವಕ್ಕೆ ಸಿಗಲಿಲ್ಲ.

ವೆಂಕಟೇಶಾಚಾರ್ ಮತ್ತು ಅವರ ಜೊತೆಗಾರ ಎಲ್. ಸೀಬಯ್ಯ ಬೇರೆ ದಾರಿ ಹಿಡಿದರು. ಪರಮಾಣುವನ್ನು ತೂಗದೆ, ಅದರ ಬೆಳಕನ್ನು ಓದಿ ನ್ಯೂಕ್ಲಿಯಸ್ಸಿನ ಸುದ್ದಿ ತಿಳಿಯುವ ದಾರಿ. ಇರಿಡಿಯಂ ಬೆಳಕಿನ ಒಂದು ಗೆರೆ ಸಾಮಾನ್ಯ ಉಪಕರಣದಲ್ಲಿ ಒಂದೇ ಗೆರೆಯಂತೆ ಕಾಣುತ್ತದೆ. ಅದನ್ನೇ ಇನ್ನೂ ಸೂಕ್ಷ್ಮವಾಗಿ ಬಿಡಿಸಿದರೆ ಹಲವು ಎಳೆಗಳ ಕಟ್ಟು. ಎಳೆ ಎಳೆಯ ನಡುವಿನ ಅಂತರ ಒಂದು ಆಂಗ್‌ಸ್ಟ್ರಾಮಿನ ನೂರರಲ್ಲಿ ಒಂದೆರಡು ಪಾಲಿನಷ್ಟೇ. ಇಂಥ ಕೆಲಸಕ್ಕೆ ಬಳಸುವ ಇಂಟರ್‌ಫೆರೋಮೀಟರಿನಲ್ಲಿ ತೆಳುವಾಗಿ ಬೆಳ್ಳಿ ಲೇಪಿಸಿದ ಎರಡು ಗಾಜಿನ ಫಲಕಗಳು ಎದುರುಬದುರಾಗಿ ನಿಂತಿರುತ್ತವೆ. ನಡುವಿನಲ್ಲಿ ಬೆಳಕು ಹಲವು ಸಲ ಹೋಗಿ ಬಂದು, ಕೊನೆಗೆ ಛಾಯಾಫಲಕದ ಮೇಲೆ ಉಂಗುರ ಉಂಗುರವಾಗಿ ಮೂಡುತ್ತದೆ. ಕೋಣೆಯ ಶಾಖ ಸ್ವಲ್ಪ ಏರಿದರೂ ಫಲಕಗಳ ಅಂತರ ಬದಲಾಗಿ ಉಂಗುರಗಳು ಕಲಸಿಹೋಗುತ್ತವೆ. ಬಾಗಿಲು ಧಡ್ಡೆಂದರೂ ಅಷ್ಟೇ. ಆಮೇಲೆ ಒಂದೊಂದು ಎಳೆ ಎಷ್ಟು ಕಪ್ಪಾಗಿ ಬಿದ್ದಿದೆ ಎಂದು ಅಳೆಯಬೇಕು. ಎಳೆಗಳ ಜಾಗ ನ್ಯೂಕ್ಲಿಯಸ್ಸಿನ ಗಿರಕಿಯನ್ನು ತಿಳಿಸುತ್ತದೆ, ಅವುಗಳ ತೀವ್ರತೆ ಯಾವ ಐಸೊಟೋಪು ಎಷ್ಟಿದೆ ಎಂಬುದನ್ನು ತಿಳಿಸುತ್ತದೆ.

ಹೀಗೆ ಓದಿ, 1935ರಲ್ಲಿ ಅವರು ಇರಿಡಿಯಂಗೆ 191 ಮತ್ತು 193 ಎಂಬ ಎರಡು ಐಸೊಟೋಪುಗಳಿವೆ, ಭಾರವಾದದ್ದೇ ಹೆಚ್ಚು ಎಂದು ಪ್ರಕಟಿಸಿದರು. ಪ್ಲಾಟಿನಂ ಮೇಲಿನ ಪ್ರಬಂಧವೂ ಅದೇ ವರ್ಷ ಬಂತು. ಷಿಕಾಗೊದಲ್ಲಿ ಡೆಂಪ್‌ಸ್ಟರ್ ವಿದ್ಯುತ್ ಕಿಡಿಯಿಂದ ಅಯಾನು ಪಡೆಯುವ ಹೊಸ ಉಪಾಯ ಕಂಡುಕೊಂಡು ಈ ಹಟಮಾರಿ ಲೋಹಗಳನ್ನು ತೂಗಲು ತೊಡಗಿದ್ದೂ ಅದೇ 1935. ಅಷ್ಟು ಹತ್ತಿರದ ಓಟ ಅದು. ಇಂದಿನ ಕೋಷ್ಟಕ ತೆಗೆದು ನೋಡಿದರೆ ನಿಸರ್ಗದ ಇರಿಡಿಯಂನಲ್ಲಿ 191 ಶೇಕಡ 37.3, 193 ಶೇಕಡ 62.7. ಐಸೊಟೋಪುಗಳ ಶೋಧದ ಚರಿತ್ರೆ ಬರೆದವರು ಇವೆರಡರ ಎದುರಿಗೆ ವೆಂಕಟೇಶಾಚಾರ್, ಸೀಬಯ್ಯ ಎಂಬ ಹೆಸರುಗಳನ್ನೂ ಬೆಂಗಳೂರಿನ ಸೆಂಟ್ರಲ್ ಕಾಲೇಜನ್ನೂ ದಾಖಲಿಸುತ್ತಾರೆ. ಹಗಲು ಬಿ.ಎಸ್‌ಸಿ. ತರಗತಿಗಳಿದ್ದ ಕಾಲೇಜಿನ ಪ್ರಯೋಗಾಲಯದ ಮಟ್ಟ ಇದು.

ಆ ಪ್ರಬಂಧಗಳು ಅಚ್ಚಾದದ್ದು ರಾಮನ್ 1934ರಲ್ಲಿ ಹುಟ್ಟುಹಾಕಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪ್ರೊಸೀಡಿಂಗ್ಸ್‌ನಲ್ಲಿ. ಅದು ಅಚ್ಚಾಗುತ್ತಿದ್ದದ್ದು ಬೆಂಗಳೂರು ಪ್ರೆಸ್ಸಿನಲ್ಲಿ. ರಾಮನ್ ಮತ್ತು ನಾಗೇಂದ್ರನಾಥರು ಶಬ್ದದ ಅಲೆಗಳಿಂದ ಬೆಳಕು ಬಾಗುವ ಬಗೆಯನ್ನು ವಿವರಿಸಿದ ಹೆಸರಾಂತ ಪ್ರಬಂಧಗಳೂ ಅದೇ ಪ್ರೊಸೀಡಿಂಗ್ಸ್‌ನಲ್ಲಿ ಬಂದವು. ಒಬ್ಬ ಭೌತಶಾಸ್ತ್ರದ ಮೇಷ್ಟ್ರು ಕೈಹಾಕಿ ಕಟ್ಟಿದ ಅಚ್ಚುಕೂಟ, ಅವರ ಸಹೋದ್ಯೋಗಿಗಳ ಶೋಧವನ್ನು ಲೋಕಕ್ಕೆ ಮುಟ್ಟಿಸಿತು. ಆ ಅಚ್ಚುಕೂಟವಿದ್ದ ಚಾಮರಾಜಪೇಟೆಯ ಚರಿತ್ರೆ ಬರೆಯುವವರು ಇದನ್ನು ಬಿಡಬಾರದು.

ಇರಿಡಿಯಂ-191ರ ಮುಂದಿನ ಕಥೆ ಇನ್ನೂ ಸ್ವಾರಸ್ಯದ್ದು. 1958ರಲ್ಲಿ ಜರ್ಮನಿಯ ರುಡಾಲ್ಫ್ ಮಾಸ್‌ಬೌವರ್ ಎಂಬ ತರುಣ, ಹರಳಿನಲ್ಲಿ ಕಟ್ಟುಬಿದ್ದ ನ್ಯೂಕ್ಲಿಯಸ್ಸು ಹಿಂದಕ್ಕೆ ಜಗ್ಗದೆಯೇ ಗಾಮಾ ಕಿರಣವನ್ನು ಹೀರಬಲ್ಲದೆಂದು ತೋರಿಸಿದ. ಅವನು ಬಳಸಿದ ನ್ಯೂಕ್ಲಿಯಸ್ಸು ಇರಿಡಿಯಂ-191. 1961ರಲ್ಲಿ ಅವನಿಗೆ ನೊಬೆಲ್ ಸಿಕ್ಕಿತು, ಅವನ ಹೆಸರಿನ ವಿಧಾನ ಉಕ್ಕಿನಿಂದ ಹಿಡಿದು ಖನಿಜದವರೆಗೆ ಘನವಸ್ತುಗಳನ್ನು ಪರೀಕ್ಷಿಸುವವರ ಮುಖ್ಯ ಸಾಧನವಾಯಿತು. ಅದೇ 191ಕ್ಕೆ ರಿಯಾಕ್ಟರಿನಲ್ಲಿ ನ್ಯೂಟ್ರಾನ್ ತಾಗಿಸಿದರೆ ಇರಿಡಿಯಂ-192 ಆಗುತ್ತದೆ. ಕೊಳವೆಗಳ ಬೆಸುಗೆಯಲ್ಲಿ ಬಿರುಕಿದೆಯೇ ಎಂದು ನೋಡುವವರಿಗೂ, ಕ್ಯಾನ್ಸರ್ ಗಡ್ಡೆಗೆ ಹತ್ತಿರದಿಂದ ವಿಕಿರಣ ಕೊಡುವ ವೈದ್ಯರಿಗೂ ಬೇಕಾದದ್ದು ಅದು.

ಈಗ ಉತ್ತರದ ತುದಿಗೆ. ಮೈಸೂರು ಮಹಾರಾಜರು 371 ಎಕರೆ ನೆಲ ಕೊಟ್ಟು, 1909ರಲ್ಲಿ ಸ್ಥಾಪನೆಯಾಗಿ, 1911ರಲ್ಲಿ ಪಾಠ ಶುರುವಾದ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಎರಡು ದಶಕ ಕಳೆದರೂ ಭೌತಶಾಸ್ತ್ರ ವಿಭಾಗ ಇರಲಿಲ್ಲ. ರಾಮನ್ ಬಂದ ಮೇಲೆ ಅದು ಆಯಿತು. ರಾಮನ್ ಅವರ ಸ್ವಂತ ಹಾದಿಯೂ ವಿಚಿತ್ರವೇ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1904ರಲ್ಲಿ ಬಿ.ಎ., 1907ರಲ್ಲಿ ಎಂ.ಎ., ಅಲ್ಲಿಂದ ನೇರ ಹಣಕಾಸು ಇಲಾಖೆಯ ಅಧಿಕಾರಿ. ಹತ್ತು ವರ್ಷ ಕಚೇರಿಯ ಕೆಲಸ ಮಾಡುತ್ತ ಬೆಳಗ್ಗೆ ಸಂಜೆ ಕಲ್ಕತ್ತದ ಬೌಬಜಾರಿನ ಪ್ರಯೋಗಾಲಯದಲ್ಲಿ ದುಡಿದು, 1917ರಲ್ಲಿ ಪ್ರಾಧ್ಯಾಪಕರಾದರು. ಅವರು ಪಿಎಚ್.ಡಿ. ಮಾಡಲೇ ಇಲ್ಲ. ಹೆಸರಿನ ಹಿಂದಿನ ಡಾಕ್ಟರೇಟುಗಳೆಲ್ಲ ಗೌರವಕ್ಕೆ ಬಂದವು.

ಅವರ ಶಿಷ್ಯೆ ಅಣ್ಣಾ ಮಣಿಯವರ ಕಥೆ ಓದಿದಾಗ ಇದು ನೆನಪಾಗಿ ಮನಸ್ಸಿಗೆ ಚುಚ್ಚುತ್ತದೆ. ಅವರು ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬಿ.ಎಸ್‌ಸಿ. ಆನರ್ಸ್ ಮುಗಿಸಿ 1940ರಲ್ಲಿ ವಿದ್ಯಾರ್ಥಿವೇತನ ಪಡೆದು ಬೆಂಗಳೂರಿಗೆ ಬಂದರು. ರಾಮನ್ ಆಗ ಮುನ್ನೂರರಷ್ಟು ವಜ್ರಗಳನ್ನು ಸಂಗ್ರಹಿಸಿ, ಅವು ಬೆಳಕನ್ನು ಹೀರುವ, ಹೊಳೆಯುವ ರೀತಿಯನ್ನು ಪರೀಕ್ಷಿಸುತ್ತಿದ್ದರು. ಅಣ್ಣಾ ಮಣಿ ವಜ್ರವನ್ನು ದ್ರವ ಗಾಳಿಯಲ್ಲಿ ತಣಿಸಿ, ಒಂದೊಂದು ಛಾಯಾಫಲಕಕ್ಕೆ ಹದಿನೈದು, ಇಪ್ಪತ್ತು ಗಂಟೆ ಬೆಳಕು ಬೀಳಿಸುತ್ತ, ರಾತ್ರಿಯೆಲ್ಲ ಪ್ರಯೋಗಾಲಯದಲ್ಲೇ ಇದ್ದು ಕೆಲಸ ಮಾಡಿದರು. ಒಬ್ಬರೇ ಐದು ಪ್ರಬಂಧ ಬರೆದರು. ಇನ್‌ಸ್ಟಿಟ್ಯೂಟಿಗೆ ಆಗ ಪಿಎಚ್.ಡಿ. ಕೊಡುವ ಅಧಿಕಾರವಿರಲಿಲ್ಲ. 1958ರಲ್ಲಿ ವಿಶ್ವವಿದ್ಯಾನಿಲಯಕ್ಕೆ ಸಮನಾದ ಮಾನ್ಯತೆ ಸಿಗುವವರೆಗೆ ಅಲ್ಲಿನವರು ಬೇರೆ ವಿಶ್ವವಿದ್ಯಾನಿಲಯಕ್ಕೆ ಪ್ರಬಂಧ ಸಲ್ಲಿಸಬೇಕಿತ್ತು. ಅಣ್ಣಾ ಮಣಿ 1945ರಲ್ಲಿ ಮದ್ರಾಸ್ ವಿಶ್ವವಿದ್ಯಾನಿಲಯಕ್ಕೆ ಸಲ್ಲಿಸಿದರು. ಎಂ.ಎಸ್‌ಸಿ. ಇಲ್ಲವೆಂಬ ಕಾರಣಕ್ಕೆ ಪದವಿ ಕೊಡಲಿಲ್ಲ. ಡಾಕ್ಟರೇಟ್ ಇಲ್ಲದ ಗುರು ನೊಬೆಲ್ ಹಿಡಿದು ನಿಂತಿದ್ದಾಗ, ಆ ಶಿಷ್ಯೆಯ ಐದು ವರ್ಷದ ಕೆಲಸಕ್ಕೆ ಒಂದು ಕಾಗದ ಅಡ್ಡವಾಯಿತು. ಆಕೆ ಇಂಗ್ಲೆಂಡಿಗೆ ಹೋಗಿ ಹವಾಮಾನದ ಉಪಕರಣಗಳನ್ನು ಕಲಿತು, 1948ರಲ್ಲಿ ಹವಾಮಾನ ಇಲಾಖೆ ಸೇರಿದರು. ನಮ್ಮ ದೇಶದ ಹವಾಮಾನ ಉಪಕರಣಗಳು ಇಲ್ಲಿಯೇ ತಯಾರಾಗುವಂತೆ ಮಾಡಿದರು. ಇಲಾಖೆಗೆ ಲಾಭವಾಯಿತು. ವಜ್ರದ ಭೌತವಿಜ್ಞಾನ ಕಳೆದುಕೊಂಡದ್ದು ಎಷ್ಟು ಎಂದು ಲೆಕ್ಕ ಹಾಕುವವರಿಲ್ಲ.

ಮೆಟೀರಿಯಲ್ಸ್ ಸೈನ್ಸ್ ಎಂದು ಇಂದು ಕರೆಯುವ ಶಾಸ್ತ್ರಕ್ಕೆ ಆಗ ಆ ಹೆಸರು ಇಲ್ಲಿ ಬಳಕೆಯಲ್ಲಿರಲಿಲ್ಲ. 1923ರಿಂದ ಭದ್ರಾವತಿಯಲ್ಲಿ ಕಬ್ಬಿಣ ಕರಗುತ್ತಿತ್ತು. 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಬಂತು, ಯುದ್ಧದ ವಿಮಾನಗಳ ರಿಪೇರಿ ಶುರುವಾಯಿತು. ಲೋಹ ಬಲ್ಲವರು ಬೇಕಾದರು. 1945ರಲ್ಲಿ ಇನ್‌ಸ್ಟಿಟ್ಯೂಟಿನಲ್ಲಿ ಲೋಹಶಾಸ್ತ್ರ ವಿಭಾಗ ತೆರೆಯಿತು, ಇಂಗ್ಲೆಂಡಿನ ಫ್ರಾಂಕ್ ಆಡ್‌ಕಾಕ್ ಮೊದಲ ಪ್ರಾಧ್ಯಾಪಕರು. 1951ರಲ್ಲಿ ಮುಖ್ಯಸ್ಥರಾಗಿ ಬಂದ ಬ್ರಹ್ಮಪ್ರಕಾಶ್ ಲಾಹೋರಿನವರು, ಮೂಲದಲ್ಲಿ ರಸಾಯನಶಾಸ್ತ್ರಜ್ಞರು. ಆಮೇಲೆ ಅಮೆರಿಕದ ಎಂ.ಐ.ಟಿ.ಯಲ್ಲಿ ಲೋಹಶಾಸ್ತ್ರ ಓದಿದವರು. ಇಲ್ಲಿ ಆರು ವರ್ಷ ಪಾಠ ಹೇಳಿ ಅಣುಶಕ್ತಿ ಇಲಾಖೆಗೆ, ಅಲ್ಲಿಂದ ತಿರುವನಂತಪುರದ ಬಾಹ್ಯಾಕಾಶ ಕೇಂದ್ರಕ್ಕೆ ಹೋದರು. ರಾಮನ್ ಬಳಿ ಹರಳುಗಳ ಮೇಲೆ ಕೆಲಸ ಕಲಿತ ಎಸ್. ರಾಮಶೇಷನ್ ತಮ್ಮ ಡಿ.ಎಸ್‌ಸಿ.ಯನ್ನು ನಾಗಪುರ ವಿಶ್ವವಿದ್ಯಾನಿಲಯದಿಂದ ಪಡೆದು, ಮುಂದೆ ವಿಮಾನ ಪ್ರಯೋಗಾಲಯದಲ್ಲಿ ಮೆಟೀರಿಯಲ್ಸ್ ಸೈನ್ಸ್ ವಿಭಾಗವನ್ನೇ ಕಟ್ಟಿದರು. ಒಬ್ಬರು ರಸಾಯನಶಾಸ್ತ್ರದಿಂದ ಬಂದವರು, ಇನ್ನೊಬ್ಬರು ಭೌತಶಾಸ್ತ್ರದಿಂದ. ವಸ್ತುವಿಜ್ಞಾನಿಗಳ ಮೊದಲ ತಲೆಮಾರಿಗೆ ವಸ್ತುವಿಜ್ಞಾನದ ಪದವಿ ಇರಲಿಲ್ಲ.

ಸಿ.ಎನ್.ಆರ್. ರಾವ್ ಅವರದೂ ಹಾಗೆಯೇ. 1934ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಬಸವನಗುಡಿಯ ಆಚಾರ್ಯ ಪಾಠಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರು. ಮಾತೃಭಾಷೆಯಲ್ಲಿ ಓದಲಿ ಎಂದು ಹಾಗೆ ಸೇರಿಸಿದ್ದು ತಂದೆಯವರು. 1951ರಲ್ಲಿ, ಹದಿನೇಳಕ್ಕೆಲ್ಲ, ಸೆಂಟ್ರಲ್ ಕಾಲೇಜಿನಿಂದ ಬಿ.ಎಸ್‌ಸಿ. ಆಯಿತು. ಮುಂದೆ ಬನಾರಸ್‌ನಲ್ಲಿ ಎಂ.ಎಸ್‌ಸಿ., ಅಮೆರಿಕದ ಪರ್ಡ್ಯೂನಲ್ಲಿ 1958ರಲ್ಲಿ ಪಿಎಚ್.ಡಿ., 1959ರಲ್ಲಿ ಇನ್‌ಸ್ಟಿಟ್ಯೂಟಿನಲ್ಲಿ ಲೆಕ್ಚರರ್ ಕೆಲಸ. 1963ರಲ್ಲಿ ಕಾನ್ಪುರಕ್ಕೆ ಹೋಗಿ, 1976ರಲ್ಲಿ ಮರಳಿ ಬಂದು ಘನಸ್ಥಿತಿ ರಸಾಯನಶಾಸ್ತ್ರದ ಘಟಕವನ್ನೂ ವಸ್ತು ಸಂಶೋಧನೆಯ ಪ್ರಯೋಗಾಲಯವನ್ನೂ ಕಟ್ಟಿದರು. ಉಳಿದದ್ದು ಎಲ್ಲರಿಗೂ ಗೊತ್ತಿರುವುದೇ.

ಕಾಲೇಜು, ವಿಶ್ವವಿದ್ಯಾನಿಲಯಗಳಲ್ಲಿ ಪಾಠ ಮಾಡುತ್ತಲೇ ಸಂಶೋಧನೆ ಬೆಳೆಸಿದವರಲ್ಲಿ ಎಸ್. ಚಂದ್ರಶೇಖರ್ ಅವರನ್ನೂ ಹೇಳಬೇಕು. ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ರಾಮನ್ ಅವರ ಶಿಷ್ಯರಾಗಿದ್ದ ಅವರು 1961ರಿಂದ ಹತ್ತು ವರ್ಷ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರ ವಿಭಾಗ ನಡೆಸಿ, ದ್ರವಸ್ಫಟಿಕಗಳ ಅಧ್ಯಯನಕ್ಕೆ ಅಲ್ಲೇ ಬುನಾದಿ ಹಾಕಿದರು. 1971ರಲ್ಲಿ ಬೆಂಗಳೂರಿಗೆ ಮರಳಿ, 1977ರಲ್ಲಿ ಸದಾಶಿವ ಮತ್ತು ಸುರೇಶ್ ಅವರೊಂದಿಗೆ, ಬಿಲ್ಲೆಯಾಕಾರದ ಅಣುಗಳೂ ಒಂದರ ಮೇಲೊಂದು ಪೇರಿಸಿಕೊಂಡು ದ್ರವಸ್ಫಟಿಕವಾಗಬಲ್ಲವು ಎಂದು ತೋರಿಸಿದರು. ಅದುವರೆಗೆ ಕಡ್ಡಿಯಂಥ ಅಣುಗಳಿಂದಷ್ಟೇ ಅದು ಸಾಧ್ಯವೆಂಬ ನಂಬಿಕೆಯಿತ್ತು. ಪ್ರಬಂಧ ಪ್ರಕಟವಾದದ್ದು ವಿಜ್ಞಾನ ಅಕಾಡೆಮಿಯ 'ಪ್ರಮಾಣ' ಪತ್ರಿಕೆಯಲ್ಲಿ. ಲೋಕವೇ ಬಂದು ಅದನ್ನು ಓದಿತು.

ಇಷ್ಟರಲ್ಲಿ ಸೆಂಟ್ರಲ್ ಕಾಲೇಜಿನ ಸ್ಥಿತಿ ಬದಲಾಗಿತ್ತು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯ ಹುಟ್ಟಿತು, ಮುಂದೆ ಸ್ನಾತಕೋತ್ತರ ವಿಭಾಗಗಳು ಒಂದೊಂದಾಗಿ ಊರಾಚೆಯ ಜ್ಞಾನಭಾರತಿಗೆ ಹೋದವು. ಸಂಶೋಧನೆ ಸಂಸ್ಥೆಗಳ ಪಾಲಾಯಿತು, ಪಾಠ ಕಾಲೇಜುಗಳ ಪಾಲಾಯಿತು. ದೇಶಾದ್ಯಂತ ಆದದ್ದೇ ಇಲ್ಲಿಯೂ ಆಯಿತು. ಆದರೆ ಬೆಂಗಳೂರಿಗೆ ಆದ ನಷ್ಟ ದೊಡ್ಡದು, ಏಕೆಂದರೆ ಎರಡೂ ಒಂದೇ ಸೂರಿನಡಿ ನಡೆದರೆ ಏನಾಗುತ್ತದೆಂದು ಇರಿಡಿಯಂ ಇಲ್ಲಿ ತೋರಿಸಿಕೊಟ್ಟಿತ್ತು. ಹದಿನೆಂಟರ ಹುಡುಗ ಪಕ್ಕದ ಕೋಣೆಯಲ್ಲಿ ತನ್ನ ಮೇಷ್ಟ್ರು ಹೊಸದೊಂದನ್ನು ಅಳೆಯುತ್ತಿರುವುದನ್ನು ಕಣ್ಣಾರೆ ಕಂಡರೆ ಅವನ ಓದಿನ ಬಗೆಯೇ ಬೇರೆಯಾಗುತ್ತದೆ. ಆ ಭಾಗ್ಯ ಇಂದಿನ ಬಿ.ಎಸ್‌ಸಿ. ವಿದ್ಯಾರ್ಥಿಗೆ ಸಿಗುವುದು ಅಪರೂಪ.

ಪಾಠ, ಸಂಶೋಧನೆಗಳ ನಡುವಿನ ಈ ಬಿರುಕನ್ನು ತಮ್ಮ ಕೈಲಾದಷ್ಟು ಮುಚ್ಚಿದವರು ಎಚ್. ನರಸಿಂಹಯ್ಯ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯ ಹುಡುಗ 1935ರಲ್ಲಿ, ಇರಿಡಿಯಂ ಪ್ರಬಂಧ ಅಚ್ಚಾದ ವರ್ಷವೇ, ಬಸ್ಸಿಗೆ ಕಾಸಿಲ್ಲದೆ ಬೆಂಗಳೂರಿಗೆ ನಡೆದು ಬಂದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಿದ. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಆನರ್ಸ್ ಓದುತ್ತಿದ್ದಾಗ 1942ರ ಚಳವಳಿ ಬಂತು. ಓದು ಬಿಟ್ಟು ಜೈಲಿಗೆ ಹೋಗಿ, ಮರಳಿ ಬಂದು, 1946ರಲ್ಲಿ ಎಂ.ಎಸ್‌ಸಿ. ಮುಗಿಸಿ ನ್ಯಾಷನಲ್ ಕಾಲೇಜಿನಲ್ಲಿ ಲೆಕ್ಚರರ್ ಆದರು. ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ನ್ಯೂಕ್ಲಿಯರ್ ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಿದ್ದು 1960ರಲ್ಲಿ, ನಲವತ್ತರ ವಯಸ್ಸಿನಲ್ಲಿ. ಆ ಪದವಿಯಿಂದ ಯಾವ ಸಂಶೋಧನಾ ಸಂಸ್ಥೆಗಾದರೂ ಹೋಗಬಹುದಿತ್ತು. ಅವರು ಬಸವನಗುಡಿಯ ತಮ್ಮ ಕಾಲೇಜಿಗೇ ಬಂದು ಪ್ರಿನ್ಸಿಪಾಲರಾದರು, ಹಾಸ್ಟೆಲ್ಲಿನ ಕೋಣೆಯಲ್ಲೇ ಬದುಕಿದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದರು. ವಾರ ವಾರ ಒಂದು ಉಪನ್ಯಾಸ, ಯಾರು ಬೇಕಾದರೂ ಬಂದು ಕೂರಬಹುದು. ಟಾಟಾ ಇನ್‌ಸ್ಟಿಟ್ಯೂಟಿನ ಪ್ರಾಧ್ಯಾಪಕರೂ ವಿಮಾನ ಪ್ರಯೋಗಾಲಯದ ವಿಜ್ಞಾನಿಗಳೂ ಬಸವನಗುಡಿಗೆ ಬಂದು, ಕಾಲೇಜು ಹುಡುಗರು, ನಿವೃತ್ತ ಗುಮಾಸ್ತರು, ಶಾಲೆಯ ಮೇಷ್ಟ್ರುಗಳ ಎದುರಿಗೆ ತಮ್ಮ ಕೆಲಸವನ್ನು ವಿವರಿಸಿ, ಅವರ ಪ್ರಶ್ನೆಗಳಿಗೆ ಉತ್ತರ ಹೇಳಿ ಹೋಗತೊಡಗಿದರು. 2005ರಲ್ಲಿ ನರಸಿಂಹಯ್ಯನವರು ತೀರಿಕೊಂಡ ಮೇಲೂ ಆ ಉಪನ್ಯಾಸಗಳು ನಿಂತಿಲ್ಲ.